ಬದಿಯ ಬಾಗಿಲು

ನೀವು ಈಗ ನೋಡುತ್ತಿರುವುದು ಪುಣೆಯ ಕಾಲೇಜೊಂದರ ಆವರಣದಲ್ಲಿ ನಾನು ವಿನ್ಯಾಸ ಮಾಡಿ ಕಟ್ಟಿಸಿದ ಅಧ್ಯಾಪಕರ ಮನೆ. ಇದಕ್ಕೆ ಎದುರಿಗೊಂದು, ಬದಿಗೊಂದು ಬಾಗಿಲಿದ್ದು, ನಕ್ಷೆಯ ಮೊದಲ ಗೆರೆ ಎಳೆದದ್ದು ಬದಿಯ ಬಾಗಿಲಿನಿಂದಲೇ. ಊರೊಳಗಿನ ಮನೆಗೆ ನೆಂಟರಿಷ್ಟರು ಬರುತ್ತಾರೆ. ಕ್ಯಾಂಪಸ್ಸಿನ ಮನೆಗೆ ಸಂಜೆ ಏಳರ ಹೊತ್ತಿಗೆ ಪ್ರಾಜೆಕ್ಟ್ ವರದಿ ಹಿಡಿದ ವಿದ್ಯಾರ್ಥಿಗಳೂ ಬರುತ್ತಾರೆ. ಅವರು ಧಾರಾವಾಹಿ ನೋಡುತ್ತಾ ಕುಳಿತ ಅಜ್ಜಿಯ ಮುಂದಿನಿಂದ ಹಾದು ಓದುವ ಕೋಣೆಗೆ ಹೋಗಬೇಕಾದರೆ ಎರಡೂ ಕಡೆಯವರಿಗೆ ಮುಜುಗರ. ಆದ್ದರಿಂದ ಆ ಕೋಣೆಗೆ ಹೊರಗಿನಿಂದಲೇ ದಾರಿ ಕೊಟ್ಟು, ಅದರ ಮುಂದೆ ನಮ್ಮ ಧಾರವಾಡದ ಮನೆಗಳಲ್ಲಿರುವಂಥ ಕಟ್ಟೆಯೊಂದನ್ನು ಕಟ್ಟಿಸಿದೆ. ಎತ್ತರ ಒಂದೂವರೆ ಅಡಿ, ಅಗಲ ಎರಡಡಿ. ಕಾಲು ಇಳಿಬಿಟ್ಟೂ ಕೂರಬಹುದು, ಚಕ್ಕಳಮಕ್ಕಳ ಹಾಕಿಯೂ ಕೂರಬಹುದು. ಸಮಿತಿಯವರು ಇದನ್ನು ದಂಡದ ಖರ್ಚು ಎಂದಾಗ ಎರಡು ಕಪಾಟುಗಳನ್ನು ಬಿಟ್ಟುಕೊಟ್ಟು ಕಟ್ಟೆಯನ್ನು ಉಳಿಸಿಕೊಂಡೆ.

ಅಡಿಪಾಯದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೇಲಿದ್ದದ್ದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು; ಅದನ್ನು ತೆಗೆದು ಗಟ್ಟಿ ಮುರುಮು, ಅಂದರೆ ಶಿಥಿಲಗೊಂಡ ಬಂಡೆಯ ಪದರ, ಸಿಗುವವರೆಗೆ ಅಗೆದೆವು.

ತಲೆನೋವಾದದ್ದು ಪಡುವಣ ದಿಕ್ಕು. ಪುಣೆಯಲ್ಲಿ ಬೇಸಿಗೆಯ ಸಂಜೆಗಾಳಿ ಬರುವುದೂ ಅತ್ತಲಿಂದ, ಸುಡುವ ಇಳಿಬಿಸಿಲು ಬರುವುದೂ ಅತ್ತಲಿಂದಲೇ, ಮತ್ತು ಕೆಳಗಿಳಿದ ಸೂರ್ಯನನ್ನು ಅಡ್ಡ ಛಜ್ಜಾ, ಅಂದರೆ ಕಿಟಕಿಯ ಮೇಲೆ ಹೊರಚಾಚಿದ ನೆರಳಿನ ಹಲಗೆ, ತಡೆಯುವುದಿಲ್ಲ. ಹಾಗಾಗಿ ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ಆ ಕಡೆಗೆ ತಳ್ಳಿ, ಅವುಗಳ ನಡುವೆ ಗಾಳಿಗಾಗಿ ಕಿರಿದಾದ ಉದ್ದನೆಯ ಸಂದುಗಳನ್ನು ಬಿಟ್ಟೆ. ಉತ್ತರದ ಕಿಟಕಿಗೆ ನೆರಳೇ ಬೇಡ ಎಂದು ಸಾಮಾನ್ಯವಾಗಿ ಹೇಳುವುದುಂಟು, ಆದರೆ 18.5 ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೇ ಇರುತ್ತಾನೆ, ಆದ್ದರಿಂದ ಅಲ್ಲಿಗೂ ಒಂದು ಚಿಕ್ಕ ಛಜ್ಜಾ ಕೊಟ್ಟಿದ್ದೇನೆ.

ಗೋಡೆಗೆ ಇಲ್ಲಿಯದೇ ಕರಿಕಲ್ಲು. ಇದೇ ಊರಿನ ಖಗೋಳವಿಜ್ಞಾನ ಕೇಂದ್ರ ಐಯುಕಾದಲ್ಲಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರು ಕರಿಕಲ್ಲಿನ ಮೇಲೆ ಕಡಪ ಕಲ್ಲು, ಕಡಪದ ಮೇಲೆ ಹೊಳೆಯುವ ಗ್ರಾನೈಟ್ ಇಟ್ಟು, ಕಪ್ಪಿನ ಮೇಲೆ ಕಪ್ಪನ್ನು ಏರಿಸಿದ ಗೋಡೆಗಳನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ನನ್ನ ಬಜೆಟ್ಟಿಗೆ ಮೊದಲನೆಯ ಕಪ್ಪು ಮಾತ್ರ ದಕ್ಕಿತು.

ನೆಲಕ್ಕೆ ಶಹಾಬಾದ್ ಫರಸಿ. ಪುಣೆಯ ಹಳೆಯ ಮನೆಗಳಲ್ಲೆಲ್ಲ ಕಾಣುವ ಈ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯದು. ಅದನ್ನು ಹಾಸಿದ ಮೇಸ್ತ್ರಿಯೂ ಆ ಕಡೆಯವರೇ. ಕೊನೆಯ ವಾರ ನಾನಿಲ್ಲದಾಗ ಸ್ವಚ್ಛತೆಗೆ ಬಂದ ಹುಡುಗರು ಸಿಮೆಂಟಿನ ಕಲೆ ತೆಗೆಯಲೆಂದು ಆ್ಯಸಿಡ್ ಸುರಿದುಬಿಟ್ಟರು. ಫರಸಿ ಎಂದರೆ ಸುಣ್ಣದ ಕಲ್ಲು, ಆ್ಯಸಿಡ್ ತಾಗಿದೊಡನೆ ಬುರುಗೆದ್ದು ಮೇಲ್ಮೈ ತಿಂದುಹೋಗುತ್ತದೆ. ನಾನು ಬರುವಷ್ಟರಲ್ಲಿ ಮೇಸ್ತ್ರಿ ಕೊಡಗಟ್ಟಲೆ ನೀರು ಹೊಯ್ದು ಬೆರಳಿನಿಂದ ಕಲ್ಲನ್ನು ಸವರುತ್ತಾ ಕುಳಿತಿದ್ದರು. “ಸಾಹೇಬ್ರ, ಇದು ಇನ್ನ ಹೋಗೂದಿಲ್ರಿ, ಹುಣಸಿಹುಳಿ ಬಿದ್ರನ ಕಲಿ ಉಳಿತೈತಿ” ಎಂದರು. ಅಡುಗೆಕಟ್ಟೆಗೆ ಗ್ರಾನೈಟ್ ಹಾಕಿಸಿದ್ದು ಒಳ್ಳೆಯದಾಯಿತು ಎನ್ನಿಸಿತು.

ಇಗೋ, ಕ್ಯಾಮೆರಾ ಕೆಳಗಿಳಿಸಿದರೆ ಆ ಬಿಳಿಚಿದ ಕಲೆ ಕಾಣುತ್ತದೆ, ಸರಿಯಾಗಿ ಬದಿಯ ಬಾಗಿಲಿನ ಹೊಸ್ತಿಲ ಬಳಿ. ವಿದ್ಯಾರ್ಥಿಗಳು ಚಪ್ಪಲಿ ಬಿಡುವ ಜಾಗವೂ ಅದೇ ಆದ್ದರಿಂದ ಸಂಜೆಯ ಹೊತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ.