ಕಾಫಿ ಬಣ್ಣದ ಅಂಗಿ

ಎಲ್ಲರಿಗೂ ನಮಸ್ಕಾರ.

ದೀಪಾವಳಿಗೆ ಇನ್ನೊಂದು ವಾರ ಇದೆ ಅನ್ನುವಾಗ ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆ ಕಡೆ ಸಂಜೆ ಹೋದವರಿಗೆ ಗೊತ್ತು, ಕಾಲಿಡಲು ಜಾಗ ಇರುವುದಿಲ್ಲ. ಬಟ್ಟೆ ಅಂಗಡಿ ಹುಡುಗರು ಬೆಳಿಗ್ಗೆ ನಿಂತರೆ ರಾತ್ರಿವರೆಗೂ ನಿಂತೇ ಇರುತ್ತಾರೆ. ಸೀರೆ ಬಿಚ್ಚುವುದು, ಮಡಚುವುದು, ಮತ್ತೆ ಬಿಚ್ಚುವುದು. ಕೊರೊನಾ ಬರುವ ಮುಂಚಿನ ವರ್ಷ, ಅಂಥದ್ದೇ ಒಂದು ರಾತ್ರಿ ಒಂಬತ್ತೂವರೆಗೆ ನಮ್ಮ ಬೀದಿಯ ಹುಡುಗ ಅಂಗಡಿಯ ಷಟರ್ ಎಳೆದ. ಜೊತೆಯವನಿಗೆ ‘ಬರ್ತೀನಲೇ’ ಅಂದು ಹೊರಟ. ಮನೆಗೆ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

ಅವನಿಗೆ ಆಗ 21 ವರ್ಷ. ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿ. ಹೆಸರು ಹೇಳುವುದಿಲ್ಲ. ಅವನ ತಂಗಿಗೆ ಈಗ ಗಂಡು ನೋಡುತ್ತಿದ್ದಾರೆ, ಹೆಸರೊಂದು ಬೇಡ ಮೇಷ್ಟ್ರೇ ಅಂತ ಅವರ ತಂದೆ ಕೈಮುಗಿದು ಕೇಳಿದ್ದಾರೆ.

ಆ ರಾತ್ರಿ ಹತ್ತು ಗಂಟೆಗೆ ಅವರವ್ವ ಸಾರು ಬಿಸಿ ಮಾಡಿ ಇಟ್ಟಿದ್ದರು. ಹನ್ನೊಂದಕ್ಕೆ ಫೋನ್ ಮಾಡಿದರೆ ರಿಂಗ್ ಆಯಿತು, ಎತ್ತಲಿಲ್ಲ. ಹನ್ನೊಂದೂ ಮುಕ್ಕಾಲಿಗೆ ಸ್ವಿಚ್ ಆಫ್. ತಂದೆ ಎಪಿಎಂಸಿಯಲ್ಲಿ ಹಮಾಲಿ. ಇಡೀ ದಿನ ಮೆಕ್ಕೆಜೋಳದ ಚೀಲ ಹೊತ್ತು ಬಂದವರು, ಅಂಗಡಿವರೆಗೂ ನಡೆದು ಹೋಗಿ ಬೀಗ ನೋಡಿಕೊಂಡು ವಾಪಸ್ ಬಂದರು. ಆಮೇಲೆ ಗಂಡ ಹೆಂಡತಿ ಇಬ್ಬರೂ ನಮ್ಮ ಮನೆ ಬಾಗಿಲು ತಟ್ಟಿದರು. ಓದಿದವರು, ಏನು ಮಾಡಬೇಕು ಹೇಳ್ರಿ ಅಂದರು.

ನಾನು ಹೇಳಿದ್ದು ಇಷ್ಟು: ‘ಗಾಬರಿ ಆಗಬೇಡಿ. ಗೆಳೆಯರ ರೂಮಿನಲ್ಲಿ ಮಲಗಿರ್ತಾನೆ. 24 ಗಂಟೆ ಆಗದೆ ಸ್ಟೇಷನ್ನಿನಲ್ಲಿ ಕಂಪ್ಲೇಂಟ್ ತಗೊಳ್ಳಲ್ಲ. ಬೆಳಗಾಗಲಿ.’

ಆ ಮಾತು ಶುದ್ಧ ತಪ್ಪು. ನಮ್ಮ ದೇಶದ ಯಾವ ಕಾನೂನಿನಲ್ಲೂ 24 ಗಂಟೆ ಕಾಯಬೇಕು ಅಂತ ಇಲ್ಲ. ಯಾರೋ ಹೇಳಿದ್ದನ್ನು ಕೇಳಿ, ನಾನು ಇನ್ನೊಬ್ಬರಿಗೆ ದಾಟಿಸಿದ್ದೆ. ಆ ರಾತ್ರಿಯೇ ಠಾಣೆಗೆ ಹೋಗಬಹುದಿತ್ತು. ಕಾಣೆಯಾದವರು 18 ದಾಟದ ಮಕ್ಕಳಾದರೆ ಇನ್ನೂ ಬಿಗಿ ಇದೆ. 2013ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ಆಗಲೇಬೇಕು, ಅಪಹರಣ ಎಂದೇ ಭಾವಿಸಿ ಹುಡುಕಬೇಕು ಅಂತ. 18 ದಾಟಿದ ಮೇಲೆ ಈ ಬಿಗಿ ಸಡಿಲವಾಗುತ್ತದೆ. ದೊಡ್ಡವನು, ತನ್ನಿಷ್ಟಕ್ಕೆ ಎಲ್ಲೋ ಹೋಗಿರಬಹುದು ಅನ್ನುವ ಲೆಕ್ಕ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದರ ಮಕ್ಕಳು ಬೀಳುವುದು ಇದೇ ಸಂದಿಯಲ್ಲಿ. ದುಡಿಯಲು ಹೋಗುವವರು ಅವರೇ, ರಾತ್ರಿ ತಡವಾಗಿ ಒಬ್ಬರೇ ಬರುವವರೂ ಅವರೇ.

ಮರುದಿನ ಸಂಜೆ ದೂರು ಕೊಟ್ಟೆವು. ಮೊದಲ ಪ್ರಶ್ನೆಯೇ ‘ಲವ್ ಗಿವ್ ಏನಾದ್ರೂ ಇತ್ತಾ’ ಅಂತ. ಕೇಳುವುದು ತಪ್ಪಲ್ಲ, ಅದೂ ತನಿಖೆಯ ಭಾಗವೇ. ಆದರೆ ಆ ಒಂದು ಪ್ರಶ್ನೆಗೆ ಆ ತಾಯಿಯ ಬಾಯಿ ಕಟ್ಟಿಹೋಯಿತು. ಆಮೇಲೆ ಕೇಳಿದ್ದಕ್ಕೆಲ್ಲ ತಲೆ ಆಡಿಸಿದರು ಅಷ್ಟೇ.

ಚಹರೆ ಬರೆಯುವ ಹೊತ್ತು ಬಂತು. ನೀವೂ ಪೇಪರಿನಲ್ಲಿ ಓದಿರುತ್ತೀರಿ. ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕನ್ನಡ ಮಾತನಾಡುತ್ತಾನೆ. ಯೋಚಿಸಿ, ಈ ಊರಿನ ಅರ್ಧ ಹುಡುಗರು ಹೀಗೇ ಇದ್ದಾರೆ ಅಲ್ವಾ? ಹಾಗಾಗಿ ಗುರುತು ಹಿಡಿಯಲು ಉಳಿಯುವುದು ಬಟ್ಟೆ ಒಂದೇ. ಯಾವ ಅಂಗಿ ಹಾಕಿದ್ದ ಅಂತ ಕೇಳಿದರು. ತಾಯಿ ತಡಮಾಡದೆ ಹೇಳಿದರು, ಕಾಫಿ ಬಣ್ಣದ್ದು, ಜೇಬಿನ ಮೇಲೆ ಅಂಗಡಿ ಹೆಸರು ಹೊಲಿದಿದೆ. ಅದು ಅಂಗಡಿಯ ಯೂನಿಫಾರ್ಮ್. ಅದನ್ನೇ ಬರೆದುಕೊಂಡರು. ಫೋಟೋ ಪಿಯುಸಿ ಹಾಲ್ ಟಿಕೆಟ್‌ನದು. ಅದರಲ್ಲಿ ಗಡ್ಡ ಇಲ್ಲ. ಆಗ ಅವನು ಗಡ್ಡ ಬಿಟ್ಟಿದ್ದ.

ನಾವು ಪಾಂಪ್ಲೆಟ್ ಮಾಡಿಸಿದೆವು. ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಪಿ.ಬಿ. ರಸ್ತೆಯ ಗೋಡೆಗಳು, ಹರಿಹರದವರೆಗೂ ಅಂಟಿಸಿದೆವು. ಐದನೇ ದಿನ ಅಂಗಡಿಯ ಇನ್ನೊಬ್ಬ ಹುಡುಗ ಓಡಿ ಬಂದ. ಗೋಡೌನ್ ಬಾಗಿಲ ಹಿಂದೆ, ಮೊಳೆಗೆ ಅವನ ಯೂನಿಫಾರ್ಮ್ ನೇತಾಡುತ್ತಿದೆ ಅಂದ. ಆ ಹುಡುಗರು ಕೆಲಸ ಮುಗಿಸಿ ಹೊರಡುವಾಗ ಯೂನಿಫಾರ್ಮ್ ಅಲ್ಲೇ ತೆಗೆದಿಟ್ಟು ತಮ್ಮ ಅಂಗಿ ಹಾಕಿಕೊಂಡು ಹೋಗುತ್ತಾರೆ. ಆ ಹಬ್ಬದ ಗಡಿಬಿಡಿಯಲ್ಲಿ ತಾಯಿಗೆ ಅದು ನೆನಪಾಗಿಲ್ಲ. ಅಂಗಡಿಯವರು ಪಾಂಪ್ಲೆಟ್ ಓದಿಯೂ ಹೇಳಿರಲಿಲ್ಲ. ಐದು ದಿನ ಊರೆಲ್ಲ ಹುಡುಕಿದ್ದು ಮೊಳೆಗೆ ನೇತುಹಾಕಿದ್ದ ಅಂಗಿಯನ್ನು.

ಠಾಣೆಗೆ ಹೋಗಿ ತಿದ್ದಿಸಿದೆವು. ಗೋಡೆಯ ಮೇಲಿನ ಪಾಂಪ್ಲೆಟ್‌ಗಳನ್ನು ತಂದೆ ಒಬ್ಬರೇ ತಿದ್ದಿದರು. ಬಾಲ್ ಪೆನ್ ಹಿಡಿದು ಒಂದೊಂದೇ ಗೋಡೆಗೆ ಹೋಗಿ ‘ಕಾಫಿ’ ಅನ್ನುವುದನ್ನು ಹೊಡೆದು, ಮೇಲೆ ‘ನೀಲಿ ಚೆಕ್ಸ್’ ಅಂತ ಬರೆದರು. ಮೂರನೇ ಕ್ಲಾಸ್ ಓದಿದವರು. ಅಕ್ಷರ ದಪ್ಪ ದಪ್ಪ. ಗೋಡೆ ಒರಟಾಗಿದ್ದ ಕಡೆ ಪೆನ್ನು ಪೇಪರ್ ಹರಿದುಕೊಂಡು ಒಳಗೆ ಹೋಗಿತ್ತು. ಆದರೆ ಎಲ್ಲ ಕಡೆ ಹೋಗಲು ಆಗಲಿಲ್ಲ. ಎಲ್ಲೆಲ್ಲಿ ಅಂಟಿಸಿದ್ದೆವು ಅಂತ ನಮಗೇ ನೆನಪಿರಲಿಲ್ಲ.

ಬಿಟ್ಟುಹೋದ ಒಂದು ಪಾಂಪ್ಲೆಟ್, ಅಶೋಕ ಟಾಕೀಸ್ ಹತ್ತಿರ ರೈಲ್ವೆ ಗೇಟಿನ ಪಕ್ಕ ಇತ್ತು. ಅಲ್ಲಿ ಟೀ ಮಾರುತ್ತಿದ್ದವರು ಇಪ್ಪತ್ತೆರಡನೇ ದಿನ ಸಿಕ್ಕರು. ಮಾತಿಗೆ ಮಾತು ಬಂದು ಹೇಳಿದರು, ‘ಆ ಹುಡುಗ ಆವತ್ತು ರಾತ್ರಿ ಗೇಟ್ ಬಿದ್ದಾಗ ಇಲ್ಲೇ ನಿಂತಿದ್ದ ಸಾರ್. ಬೈಕ್ ಮೇಲಿದ್ದ ಒಬ್ಬನ ಜೊತೆ ಮಾತಾಡ್ತಿದ್ದ. ಗೇಟ್ ಎತ್ತಿದ ಮೇಲೆ ಇಬ್ಬರೂ ಹೋದರು. ಮುಖ ಅವನದ್ದೇ ಅನ್ನಿಸ್ತು. ಆದ್ರೆ ನೀವು ಕಾಫಿ ಕಲರ್ ಅಂತ ಹಾಕಿದೀರಿ, ಇವನದು ನೀಲಿ ಅಂಗಿ. ಬೇರೆ ಯಾರೋ ಅಂದ್ಕೊಂಡು ಸುಮ್ನಾದೆ.’

ಅಲ್ಲಿಗೆ ಎದುರಿನ ಅಂಗಡಿಯ ಸಿಸಿಟಿವಿ ನೋಡಿಸಲು ಓಡಿದೆವು. ಆ ರೆಕಾರ್ಡರ್ ಹದಿನೈದು ದಿನಕ್ಕೊಮ್ಮೆ ಹಳೆಯದನ್ನು ಅಳಿಸಿ ಅದರ ಮೇಲೇ ಹೊಸದನ್ನು ತುಂಬಿಕೊಳ್ಳುತ್ತಿತ್ತು. ಬೈಕ್ ಯಾರದು, ಯಾವ ಕಡೆ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ. ಹಾರ್ಡ್ ಡಿಸ್ಕ್ ತುಂಬಿದ ಹಾಗೆ ಹಳೆಯದು ಹೋಗುತ್ತಲೇ ಇರುತ್ತದೆ. ಕಾಣೆಯಾದ ದಿನವೇ ದಾರಿಯುದ್ದಕ್ಕೂ ಇರುವ ಅಂಗಡಿಗಳಿಗೆ ಹೋಗಿ ‘ದಯವಿಟ್ಟು ಅಳಿಸಬೇಡಿ’ ಅಂತ ಕೇಳಿಕೊಳ್ಳಬೇಕು. ನಮಗೆ ತೋರಿಸದಿದ್ದರೂ ಪರವಾಗಿಲ್ಲ, ಪೊಲೀಸರು ಬರುವವರೆಗೂ ಉಳಿದರೆ ಸಾಕು. ಠಾಣೆಯಲ್ಲೂ ಅದನ್ನು ಬರವಣಿಗೆಯಲ್ಲೇ ಕೊಡಿ.

ಟವರ್ ಲೊಕೇಶನ್ ಬಗ್ಗೆ ಜನಕ್ಕೆ ನಂಬಿಕೆ ಜಾಸ್ತಿ. ಅದು ನಿಂತ ಜಾಗ ತೋರಿಸುವುದಿಲ್ಲ, ಯಾವ ಟವರಿನ ವ್ಯಾಪ್ತಿಯಲ್ಲಿ ಫೋನ್ ಇತ್ತು ಅಂತಷ್ಟೇ ಹೇಳುತ್ತದೆ. ಇವನ ಫೋನಿನ ಕೊನೆಯ ಟವರಿನ ಕೆಳಗೆ ನೂರಾರು ಮನೆ, ಲಾರಿಗಳ ಸಾಲು, ಹೆದ್ದಾರಿ ಎಲ್ಲವೂ ಇತ್ತು. ಫೋನ್ ಕಂಪನಿಗಳು ಕರೆ ವಿವರವನ್ನು ಆಗ 1 ವರ್ಷ ಇಟ್ಟಿದ್ದರೆ ಸಾಕಿತ್ತು. 2021ರ ಡಿಸೆಂಬರಿನಲ್ಲಿ ಅದನ್ನು 2 ವರ್ಷಕ್ಕೆ ಏರಿಸಿದರು. ಫೋನ್ ತಂದ ಡಬ್ಬಿಯನ್ನು ಮಾತ್ರ ಎಸೆಯಬೇಡಿ. ಅದರ ಮೇಲೆ 15 ಅಂಕಿಯ ಐಎಂಇಐ ನಂಬರ್ ಇರುತ್ತದೆ. ಸಿಮ್ ಬದಲಾಯಿಸಿ ಯಾರಾದರೂ ಆ ಫೋನ್ ಬಳಸಿದರೆ ಪತ್ತೆ ಹಚ್ಚಲು ದಾರಿ ಅದೇ. ಇವರ ಮನೆಯಲ್ಲಿ ಆ ಡಬ್ಬಿಯಲ್ಲಿ ಸೂಜಿ, ಗುಂಡಿ ತುಂಬಿಟ್ಟಿದ್ದರು. ಅದರಿಂದ ನಂಬರ್ ಸಿಕ್ಕಿತು. ಫೋನ್ ಮಾತ್ರ ಮತ್ತೆ ಯಾವತ್ತೂ ಆನ್ ಆಗಲಿಲ್ಲ.

ರೈಲ್ವೆ ಹಳಿಯ ಆಸುಪಾಸಿನದ್ದು ರೈಲ್ವೆ ಪೊಲೀಸರಿಗೆ ಸೇರುತ್ತದೆ, ಊರ ಠಾಣೆಗಲ್ಲ. ಅಲ್ಲಿಗೂ ಬೇರೆಯಾಗಿ ತಿಳಿಸಬೇಕು. ನಾವು ತಿಳಿಸಿದ್ದು ಎರಡು ವಾರ ಕಳೆದ ಮೇಲೆ. ಈಗ ಒಂದು ಅನುಕೂಲ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಅಪರಾಧ ನಡೆದಿರುವ ಅನುಮಾನ ಇದ್ದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ನಮ್ಮ ಸರಹದ್ದಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ರಾತ್ರಿ ಯಾವ ಹೊತ್ತಾದರೂ 112ಕ್ಕೆ ಫೋನ್ ಮಾಡಬಹುದು.

ಅಪರಿಚಿತ ಶವ ಅಂತ ಸುದ್ದಿ ಬಂದಾಗೆಲ್ಲ ತಂದೆ ಹೋಗಿ ನೋಡಿ ಬಂದಿದ್ದಾರೆ. ಹರಿಹರಕ್ಕೆ, ರಾಣೆಬೆನ್ನೂರಿಗೆ, ಹಿರಿಯೂರಿಗೆ. ಹಿರಿಯೂರಿಗೆ ನಾನೂ ಹೋಗಿದ್ದೆ. ಹೊರಗೆ ಬಂದು ‘ನಮ್ಮ ಹುಡುಗ ಅಲ್ಲ ಮೇಷ್ಟ್ರೇ’ ಅಂದರು. ಬಸ್ಸಿನಲ್ಲಿ ಚಿತ್ರದುರ್ಗ ದಾಟುವವರೆಗೂ ಸುಮ್ಮನಿದ್ದು, ಆಮೇಲೆ ಕೇಳಿದರು, ‘ಆ ಹುಡುಗನ ಮನೆಯವರಿಗೆ ಯಾರು ಹೇಳ್ತಾರೆ?’

ನಾಲ್ಕೈದು ತಿಂಗಳಿಗೆ ಕೊರೊನಾ ಬಂತು. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್. ಆಮೇಲೆ ಫೈಲಿಗೆ ‘ಸಿ ರಿಪೋರ್ಟ್’ ಬಿತ್ತು. ಸಿ ರಿಪೋರ್ಟ್ ಅಂದರೆ ಪತ್ತೆಯಾಗಿಲ್ಲ ಅಂತ ಪಕ್ಕಕ್ಕಿಡುವುದು. ಹೊಸ ಸುಳಿವು ಸಿಕ್ಕರೆ ಮತ್ತೆ ತೆರೆಯಬಹುದು. ಇದನ್ನು ಆ ತಾಯಿಗೆ ನೂರು ಸಲ ಹೇಳಿದ್ದೇನೆ.

7 ವರ್ಷ ಸುದ್ದಿಯೇ ಇಲ್ಲದವರನ್ನು ಬದುಕಿಲ್ಲ ಅಂತ ಕೋರ್ಟ್ ಭಾವಿಸಬಹುದು ಅನ್ನುವ ನಿಯಮ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. ಹೊಸ ಕಾಯ್ದೆಯಲ್ಲೂ ಉಳಿದಿದೆ. ಅದು ತಾನಾಗಿ ಆಗುವುದಿಲ್ಲ, ಮನೆಯವರು ಕೋರ್ಟಿಗೆ ಹೋಗಿ ಕೇಳಬೇಕು. ನೆಂಟರು ಈಗಲೇ ಆ ಮಾತು ತೆಗೆಯುತ್ತಿದ್ದಾರೆ. ಮೊನ್ನೆ ಹಿರಿಯರ ಹಬ್ಬದಲ್ಲಿ ಎಡೆ ಇಡುವಾಗ ಒಬ್ಬರು ‘ಅವನ ಹೆಸರಲ್ಲೂ ಒಂದು ಇಡೋಣವಾ’ ಅಂದರಂತೆ. ತಾಯಿ ಎಡೆ ಎಲೆಗಳನ್ನು ಹಾಗೇ ಬಿಟ್ಟು ಎದ್ದು ಹೊರಗೆ ಬಂದು ಕಟ್ಟೆ ಮೇಲೆ ಕೂತರು. ಬಾಡಿಗೆ ಏರಿದೆ, ಮನೆ ಬದಲಾಯಿಸಲು ಒಪ್ಪುತ್ತಿಲ್ಲ. ಅದೇ ಮನೆ, ಅದೇ ಫೋನ್ ನಂಬರ್.

ನಾನು ಬಾನುಲಿಯಲ್ಲಿ ಮಾತಾಡುತ್ತೇನೆ ಅಂತ ಗೊತ್ತಾದಾಗ ಅವರು ಬೇರೇನೂ ಕೇಳಲಿಲ್ಲ. ‘ಇದೊಂದು ಹೇಳಿಬಿಡ್ರಿ ಮೇಷ್ಟ್ರೇ’ ಅಂದರು. ಅದಕ್ಕೇ ಹೇಳುತ್ತಿದ್ದೇನೆ. ಆ ರಾತ್ರಿ ರೈಲ್ವೆ ಗೇಟಿನ ಹತ್ತಿರ ನೀವು ಯಾರಾದರೂ ಇದ್ದರೆ, ನೆನಪು ಮಾಡಿಕೊಳ್ಳಿ. ಅವನಿಗೆ ಗಡ್ಡ ಇತ್ತು. ಎಡಗೈ ಹೆಬ್ಬೆರಳಿನ ಮೇಲೆ ಕತ್ತರಿ ತಾಗಿದ ಗುರುತು ಇತ್ತು. ಹಾಕಿದ್ದು ಕಾಫಿ ಬಣ್ಣದ ಅಂಗಿ ಅಲ್ಲ. ನೀಲಿ ಚೆಕ್ಸ್ ಅಂಗಿ.