ಪರೀಕ್ಷೆಗೆ ಸುರಿದ ದುಡ್ಡು ತೆರಿಗೆ ಲೆಕ್ಕದಲ್ಲಿ ಎಲ್ಲಿ ಹೋಗುತ್ತದೆ?

ಕೇಳುಗರೆಲ್ಲರಿಗೂ ನಮಸ್ಕಾರ.

ಸಿಎ ಫೈನಲ್ ಕೋಚಿಂಗ್. ವಕೀಲರು ಬರೆಯಬೇಕಾದ ಅಖಿಲ ಭಾರತ ಬಾರ್ ಪರೀಕ್ಷೆ. ಹೊರದೇಶದಲ್ಲಿ ಎಂಬಿಬಿಎಸ್ ಓದಿ ಬಂದವರಿಗೆ ಎಫ್‌ಎಂಜಿಇ ಅನ್ನುವ ಅರ್ಹತಾ ಪರೀಕ್ಷೆ. ಹಡಗಿನಲ್ಲಿ ಆಫೀಸರ್ ಆಗಬೇಕೆಂದರೆ ಸೆಕೆಂಡ್ ಮೇಟ್ ಪರೀಕ್ಷೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ ಸಿದ್ದಾಪುರದಲ್ಲಿ, ಇಂಥ ಒಂದು ಪರೀಕ್ಷೆಗೆ ಮಗನನ್ನೋ ಮಗಳನ್ನೋ ಕೂರಿಸಿರುವ ಮನೆಗಳು ಬೇಕಾದಷ್ಟಿವೆ. ಈ ಖರ್ಚನ್ನು ಆದಾಯ ತೆರಿಗೆಯಲ್ಲಿ ಕಳೆಯಲು ಬರುತ್ತದಾ ಅನ್ನುವುದು ಇವತ್ತಿನ ಮಾತು.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರಿಗೆ ಬರುವುದಿಲ್ಲ. ಆದರೆ ದುಡ್ಡು ಕಟ್ಟುವ ಮೊದಲೇ ಸ್ವಲ್ಪ ವಿಚಾರ ಮಾಡಿದರೆ ಕೆಲವರಿಗೆ ಒಳ್ಳೆಯ ಮೊತ್ತ ಉಳಿಯುತ್ತದೆ, ಇನ್ನು ಕೆಲವರಿಗೆ ಬರಬಾರದ ತೆರಿಗೆ ತಲೆ ಮೇಲೆ ಬೀಳುವುದು ತಪ್ಪುತ್ತದೆ. ರಿಟರ್ನ್ ತುಂಬುವ ಜುಲೈ ತಿಂಗಳಲ್ಲಿ ರಸೀದಿಗಳ ಕಟ್ಟು ಹಿಡಿದು ಆಡಿಟರ್ ಹತ್ತಿರ ಹೋದರೆ ಅವರೂ ಏನೂ ಮಾಡಲು ಆಗುವುದಿಲ್ಲ. ಅದಕ್ಕೇ ಈ ಮಾತು.

ಸಂಬಳದವರ ವಿಷಯ ಬೇಗ ಮುಗಿಯುತ್ತದೆ. ಸಂಬಳದಿಂದ ಕಳೆಯುವುದು ಮುಖ್ಯವಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್. ತೆರಿಗೆ ಲೆಕ್ಕ ಹಾಕಲು ಹೊಸದು, ಹಳೆಯದು ಅಂತ ಎರಡು ಪದ್ಧತಿ ಇವೆ. ಹೊಸ ಪದ್ಧತಿಯಲ್ಲಿ ಅದು 75,000 ರೂಪಾಯಿ, ಹಳೆಯದರಲ್ಲಿ 50,000. ಪರೀಕ್ಷೆಗೆ ನೀವು 2 ಲಕ್ಷ ಸುರಿದರೂ ಅಷ್ಟೇ, ಒಂದು ಪೈಸೆ ಖರ್ಚು ಮಾಡದಿದ್ದರೂ ಅಷ್ಟೇ. ಆದಾಯ ತೆರಿಗೆ ಕಾಯಿದೆಯ ಸೆಕ್ಷನ್ 80ಸಿ ಅಡಿಯಲ್ಲಿ ಟ್ಯೂಷನ್ ಫೀ ಅಂತ ಒಂದು ಮಾತಿದೆ, ಅದನ್ನು ನೋಡಿ ತುಂಬಾ ಜನ ಆಸೆ ಪಡುತ್ತಾರೆ. ಅದು ಮಕ್ಕಳ ಫೀ, ಅದೂ ಇಬ್ಬರು ಮಕ್ಕಳದ್ದು, ನಮ್ಮ ದೇಶದ ಶಾಲೆ ಕಾಲೇಜಿನಲ್ಲಿ ಪೂರ್ತಿ ಸಮಯದ ಓದಿಗೆ ಕಟ್ಟಿದ್ದು. ನಿಮ್ಮ ಸ್ವಂತ ಓದಿಗೆ ಅಲ್ಲ, ಕೋಚಿಂಗ್ ಕ್ಲಾಸಿಗೂ ಅಲ್ಲ. ಕೋಚಿಂಗ್ ಬಿಲ್ಲಿನಲ್ಲಿ 18 ಪರ್ಸೆಂಟ್ ಜಿಎಸ್‌ಟಿ ಇರುತ್ತದಲ್ವಾ, ಅದೂ ವಾಪಸ್ ಬರುವುದಿಲ್ಲ.

ಕೋಚಿಂಗ್ ಬಿಲ್ಲನ್ನೇ ಕಾಲೇಜ್ ಫೀ ಅಂತ ತೋರಿಸಿಬಿಡಿ ಎಂದು ಹೇಳುವವರು ಸಿಗುತ್ತಾರೆ. ದಯವಿಟ್ಟು ಕೇಳಬೇಡಿ. ಸುಳ್ಳು ಲೆಕ್ಕ ಅಂತ ಸಾಬೀತಾದರೆ ಉಳಿಸಿದ ತೆರಿಗೆಯ ಎರಡು ಪಟ್ಟು ದಂಡ, ಮೇಲಿಂದ ಆ ತೆರಿಗೆ, ಬಡ್ಡಿ. ಅಷ್ಟು ಕಷ್ಟಪಟ್ಟು ಲೈಸೆನ್ಸ್ ಪಡೆಯಲು ಹೊರಟ ಹುಡುಗರ ಮೇಲೆ ಇಂಥ ಕಲೆ ಯಾಕೆ ಬೇಕು? ನೀವು ಈಗಾಗಲೇ ಕೆಲಸದಲ್ಲಿದ್ದು ಕೆಲಸಕ್ಕೆ ಬೇಕಾದ ತರಬೇತಿ ಪಡೆಯುವುದಾದರೆ, ಫೀಯನ್ನು ಕಂಪನಿಯೇ ಕಟ್ಟುತ್ತದಾ ಅಂತ ಬಾಯಿಬಿಟ್ಟು ಕೇಳಿ. ನೌಕರರ ತರಬೇತಿಗೆ ಮಾಲೀಕರು ಮಾಡಿದ ಖರ್ಚನ್ನು ನಿಮ್ಮ ಸಂಬಳಕ್ಕೆ ಸೇರಿಸುವುದಿಲ್ಲ. ಕೇಳಿದರೆ ಹೋಗುವುದೇನೂ ಇಲ್ಲ.

ಇನ್ನು ಸ್ವಂತ ಪ್ರಾಕ್ಟೀಸ್ ಇರುವವರು. ಇಲ್ಲಿ ಸೆಕ್ಷನ್ 37 ಬರುತ್ತದೆ. (2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯಿದೆ ಬಂದು ನಂಬರುಗಳು ಬದಲಾಗಿವೆ, ನಾನು ಎಲ್ಲರಿಗೂ ರೂಢಿಯಾದ ಹಳೆಯ ನಂಬರನ್ನೇ ಹೇಳುತ್ತಿದ್ದೇನೆ.) ಪೂರ್ತಿಯಾಗಿ ವೃತ್ತಿಗೆಂದೇ ಮಾಡಿದ ಖರ್ಚನ್ನು ಕಳೆಯಬಹುದು, ಆದರೆ ಅದು ಸ್ವಂತ ಖರ್ಚು ಆಗಿರಬಾರದು, ಬಂಡವಾಳದ ಖರ್ಚೂ ಆಗಿರಬಾರದು. ಬೈತಖೋಲ್ ಬಂದರಿನ ಮೀನುಗಾರರಿಗೆ ಇದು ಚೆನ್ನಾಗಿ ಗೊತ್ತು. ಬೋಟು ಕಟ್ಟಿಸಿದ್ದು ಬಂಡವಾಳ, ಡೀಸೆಲ್ಲು ಐಸು ದಿನದ ಖರ್ಚು. ಲೈಸೆನ್ಸ್ ಪರೀಕ್ಷೆ ಬೋಟು ಕಟ್ಟಿಸಿದ ಹಾಗೆ, ವೃತ್ತಿ ಶುರುವಾಗುವ ಮೊದಲಿನದ್ದು. ಆದರೆ ಬೋಟಿಗೆ ವರ್ಷ ವರ್ಷ ಸವಕಳಿ ಅಂತ ಒಂದಿಷ್ಟು ಕಳೆಯಲು ಬಿಡುತ್ತಾರೆ. ತಲೆಯೊಳಗೆ ಕಟ್ಟಿಕೊಂಡ ವಿದ್ಯೆಗೆ ಅದೂ ಇಲ್ಲ. ನನಗೆ ಇದು ಅನ್ಯಾಯ ಅಂತ ಅನ್ನಿಸುತ್ತದೆ, ಬರೀ ಅನ್ನಿಸುವುದಲ್ಲ, ಬದಲಾಗಲೇಬೇಕು ಅಂತ ಗಟ್ಟಿಯಾಗಿ ಹೇಳುತ್ತೇನೆ. ಮಷಿನ್ ಕೊಂಡವನಿಗೆ ಸಿಗುವುದು ಓದಿದವಳಿಗೆ ಯಾಕೆ ಸಿಗಬಾರದು?

ಅದೇ ಪ್ರಾಕ್ಟೀಸ್ ಶುರು ಮಾಡಿದ ಡಾಕ್ಟರು ಹೊಸ ಚಿಕಿತ್ಸೆ ತಿಳಿಯಲು ಸಮ್ಮೇಳನಕ್ಕೆ ಹೋದರೆ, ಆಡಿಟರು ಹೊಸ ಕಾಯಿದೆಯ ತರಬೇತಿಗೆ ಹೋದರೆ ಆ ಖರ್ಚು ಕಳೆಯಬಹುದು. ಇದ್ದ ವೃತ್ತಿಯನ್ನು ಹರಿತವಾಗಿ ಇಟ್ಟುಕೊಳ್ಳುವ ಖರ್ಚು ಅದು. ಹೊಸ ವಕೀಲರು ಈ ಎರಡರ ನಡುವೆ ನಿಂತಿದ್ದಾರೆ. ಅವರಿಗೆ ಮೊದಲು ತಾತ್ಕಾಲಿಕ ನೋಂದಣಿ ಸಿಗುತ್ತದೆ, 2 ವರ್ಷದೊಳಗೆ ಬಾರ್ ಪರೀಕ್ಷೆ ಪಾಸಾಗಬೇಕು. ಈ ಪರೀಕ್ಷೆ ನಡೆಸುವ ಅಧಿಕಾರ ಬಾರ್ ಕೌನ್ಸಿಲ್‌ಗೆ ಇದೆ ಎಂದು 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಎತ್ತಿ ಹಿಡಿದಿದೆ. ಕಾರವಾರ ಕೋರ್ಟಿನಲ್ಲಿ ಆಗಲೇ ಫೀಸು ಪಡೆದು ಕೆಲಸ ಮಾಡುತ್ತಿರುವ ಹುಡುಗಿಗೆ ಅದು ವೃತ್ತಿ ಉಳಿಸಿಕೊಳ್ಳುವ ಖರ್ಚು ಎಂದು ವಾದಿಸಲು ಜಾಗ ಇದೆ. ಆದರೆ ಹೊಸಬರು ಸಾಮಾನ್ಯವಾಗಿ 44ಎಡಿಎ ಅನ್ನುವ ಸೆಕ್ಷನ್ನಿನ ಸರಳ ಲೆಕ್ಕ ಆರಿಸಿಕೊಳ್ಳುತ್ತಾರೆ. ಬಂದ ಫೀಸಿನ ಅರ್ಧ ಆದಾಯ, ಉಳಿದರ್ಧ ಖರ್ಚು ಅಂತ ಲೆಕ್ಕ. ಆ ಅರ್ಧದೊಳಗೇ ಎಲ್ಲ ಬಂತು, ಪರೀಕ್ಷೆ ಫೀಯನ್ನು ಬೇರೆ ಕಳೆಯುವ ಹಾಗಿಲ್ಲ.

ಅಮೆರಿಕದಲ್ಲಿ ಇರುವ ಮಕ್ಕಳ ಬಗ್ಗೆಯೂ ಕೇಳುವವರಿದ್ದಾರೆ. ಅಲ್ಲಿಯೂ ಬಾರ್ ಪರೀಕ್ಷೆ, ಸಿಪಿಎ ಅಂದರೆ ಅಲ್ಲಿನ ಆಡಿಟರುಗಳ ಪರೀಕ್ಷೆಯ ತಯಾರಿ ಖರ್ಚನ್ನು ಕಳೆಯಲು ಬಿಡುವುದಿಲ್ಲ. ಹೊಸ ವೃತ್ತಿಗೆ ಅರ್ಹತೆ ಕೊಡುವ ಓದು ಸ್ವಂತ ಖರ್ಚು ಅಂತ 1967ರಿಂದ ನಿಯಮ ಇದೆ. ಆದರೆ 2025ರ ಜುಲೈನಲ್ಲಿ ಅವರು ಒಂದು ಹೆಜ್ಜೆ ಮುಂದೆ ಹೋದರು. ಓದಿಗಾಗಿ ಮೊದಲೇ ಕೂಡಿಡುವ 529 ಅನ್ನುವ ಖಾತೆಯ ದುಡ್ಡನ್ನು ಮಾನ್ಯತೆ ಇರುವ ವೃತ್ತಿ ಪ್ರಮಾಣಪತ್ರಗಳ ಪರೀಕ್ಷಾ ಶುಲ್ಕ, ಪುಸ್ತಕಕ್ಕೂ ತೆರಿಗೆ ಇಲ್ಲದೆ ಬಳಸಬಹುದು ಎಂದು ಮಾಡಿದರು. ನಮ್ಮಲ್ಲೂ ಇಂಥದ್ದೊಂದು ಬಂದರೆ ಎಷ್ಟೋ ಮನೆಗಳಿಗೆ ಉಸಿರಾಡಲು ಆದೀತು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು 80ಇ, ಅಂದರೆ ಶಿಕ್ಷಣ ಸಾಲದ ಬಡ್ಡಿ. ಇದನ್ನು ಶಿರಸಿ ಕಡೆಯವರು ಸ್ವಲ್ಪ ಗಮನ ಕೊಟ್ಟು ಕೇಳಬೇಕು. ಅಡಿಕೆ ತೋಟದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಅಪ್ಪ ತೋಟದ ದುಡ್ಡಿನಲ್ಲಿ ಮಗಳ ಕಾಲೇಜ್ ಫೀ ಕಟ್ಟಿದರೆ ಯಾರಿಗೂ ತೆರಿಗೆಯಲ್ಲಿ ಏನೂ ಸಿಗುವುದಿಲ್ಲ. ಅದೇ ಕಾಲೇಜಿಗೆ ಮಗಳ ಹೆಸರಿನಲ್ಲಿ ಬ್ಯಾಂಕಿನ ಶಿಕ್ಷಣ ಸಾಲ ಮಾಡಿ, ಅಪ್ಪ ಜೊತೆಗೆ ಸಹಿ ಹಾಕಿ, ಕೆಲಸ ಸಿಕ್ಕ ಮೇಲೆ ಅವಳೇ ತೀರಿಸಿದರೆ, ಅವಳು ಕಟ್ಟುವ ಬಡ್ಡಿ ಪೂರ್ತಿ ಕಳೆಯುತ್ತದೆ. ಇಷ್ಟೇ ಅಂತ ಮಿತಿ ಇಲ್ಲ. ಬಡ್ಡಿ ಕಟ್ಟಲು ಶುರು ಮಾಡಿದ ವರ್ಷ ಹಿಡಿದು 8 ವರ್ಷ. ಅಸಲಿಗೆ ಇಲ್ಲ, ಬಡ್ಡಿಗೆ ಮಾತ್ರ.

ಈ ಸಾಲ ಪಿಯುಸಿ ನಂತರದ ಮಾನ್ಯತೆ ಇರುವ ಕೋರ್ಸಿಗೆ ಆಗಬೇಕು. ಮೂರು ತಿಂಗಳ ಕೋಚಿಂಗ್ ಕ್ಲಾಸನ್ನು ನಂಬಿ ಕೂರಬೇಡಿ. ಅದಕ್ಕೇ ಒಂದು ಮಾತು ಹೇಳುತ್ತೇನೆ: ಕೈಯಲ್ಲಿರುವ ದುಡ್ಡನ್ನು ಕೋಚಿಂಗಿಗೆ, ಪರೀಕ್ಷೆ ಫೀಗೆ ಇಟ್ಟುಕೊಳ್ಳಿ. ಕಾಲೇಜಿನ ದೊಡ್ಡ ಫೀಗೆ ಸಾಲ ತೆಗೆಯಿರಿ. ನಮ್ಮಲ್ಲಿ ಆಗುವುದು ಇದರ ಉಲ್ಟಾ. ಕಾಲೇಜಿಗೆ ಇದ್ದದ್ದನ್ನೆಲ್ಲ ಸುರಿದು, ಕೊನೆಗೆ ಕೋಚಿಂಗಿಗೆ ಅಂತ ಚಿನ್ನ ಅಡ ಇಡುತ್ತಾರೆ, ಇಲ್ಲ ಊರಿನ ಸೊಸೈಟಿಯಲ್ಲಿ ಸಾಲ ಎತ್ತುತ್ತಾರೆ. ಸೊಸೈಟಿ ನಮ್ಮ ಕಷ್ಟಕ್ಕೆ ಆಗುವ ಸಂಸ್ಥೆ, ನಿಜ. ಆದರೆ 80ಇ ಕೇಳುವುದು ಬ್ಯಾಂಕಿಂಗ್ ಕಂಪನಿಯ ಸಾಲ ಅಥವಾ ಸರ್ಕಾರ ಹೆಸರಿಸಿದ ಸಂಸ್ಥೆಯ ಸಾಲ. ಸೊಸೈಟಿಯ ಬಡ್ಡಿ ಅಲ್ಲಿ ನಿಲ್ಲುವುದಿಲ್ಲ. ಮತ್ತೆ, 80ಸಿ ಹಾಗೆಯೇ 80ಇ ಕೂಡ ಹಳೆಯ ಪದ್ಧತಿಯಲ್ಲಿ ಮಾತ್ರ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷ 75 ಸಾವಿರದವರೆಗೆ ಸಂಬಳದವರಿಗೆ ತೆರಿಗೆ ಬೀಳುವುದೇ ಇಲ್ಲ. ಅಷ್ಟರೊಳಗಿನ ಸಂಬಳ ಇರುವವರು ಈ ಚಿಂತೆಯನ್ನೇ ಬಿಟ್ಟುಬಿಡಬಹುದು. ಅದಕ್ಕಿಂತ ಜಾಸ್ತಿ ಇದ್ದವರು ಎರಡೂ ಪದ್ಧತಿಯಲ್ಲಿ ಲೆಕ್ಕ ಹಾಕಿಸಿ ನೋಡಿ.

ಕೊನೆಗೆ ಶಿಪ್ಪಿಗೆ ಹೋಗುವವರು. ನಮ್ಮ ಕರಾವಳಿಯಲ್ಲಿ ಇದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ. ಹೊರದೇಶದ ಓಡಾಟದ ಹಡಗಿನಲ್ಲಿ ದುಡಿದು, ಒಂದು ಹಣಕಾಸು ವರ್ಷದಲ್ಲಿ ಭಾರತದಲ್ಲಿ 182 ದಿನಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ನೀವು ಅನಿವಾಸಿ, ಎನ್‌ಆರ್‌ಐ. ಆ ಹಡಗಿನ ಸಂಬಳ ಇಲ್ಲಿನ ಬ್ಯಾಂಕಿನಲ್ಲಿ ಅನಿವಾಸಿಗಳಿಗೆಂದೇ ಇರುವ ಎನ್‌ಆರ್‌ಇ ಖಾತೆಗೆ ಬಂದರೂ ಇಲ್ಲಿ ತೆರಿಗೆ ಇಲ್ಲ. ಮಾಮೂಲಿ ವರ್ಷದಲ್ಲಿ ತೊಂದರೆ ಇರುವುದಿಲ್ಲ. ತೊಂದರೆ ಆಗುವುದು ಪರೀಕ್ಷೆಯ ವರ್ಷದಲ್ಲಿ. ಹಡಗು ಇಳಿದು ಬಂದು, ಕ್ಲಾಸಿಗೆ ಸೇರಿ, ಲಿಖಿತ ಪರೀಕ್ಷೆ, ಓರಲ್ಸ್, ಒಂದು ವಿಷಯ ಹೋದರೆ ಮತ್ತೆ ಕಾಯುವುದು, ಹೀಗೆ ದಿನ ಜಾರುತ್ತವೆ. 182 ತಲುಪಿದಿರೋ, ಆ ವರ್ಷಕ್ಕೆ ನೀವು ನಿವಾಸಿ. ಉಳಿದ ತಿಂಗಳು ಹಡಗಿನಲ್ಲಿ ದುಡಿದದ್ದೂ ಇಲ್ಲಿನ ತೆರಿಗೆ ಲೆಕ್ಕಕ್ಕೆ ಬರಬಹುದು. ಪರೀಕ್ಷೆಯ ಖರ್ಚಂತೂ ಕಳೆಯಲು ಬರುವುದಿಲ್ಲ, ಮೇಲೆ ಪರೀಕ್ಷೆಗಾಗಿ ಮನೆಯಲ್ಲಿ ಉಳಿದದ್ದಕ್ಕೇ ತೆರಿಗೆ.

ಒಂದು ಲೆಕ್ಕ ಹೇಳುತ್ತೇನೆ. ಏಪ್ರಿಲ್ 1ಕ್ಕೆ ಹಡಗಿನಲ್ಲೇ ಇದ್ದವರು ಮೇ 10ಕ್ಕೆ ಸೈನ್ ಆಫ್ ಆದರು, ಅಂದರೆ ಹಡಗಿನ ಕೆಲಸ ಮುಗಿಸಿ ಇಳಿದರು ಅನ್ನಿ. ಸಿಡಿಸಿ, ಅಂದರೆ ಹಡಗಿನವರ ಸೇವೆ ದಾಖಲಾಗುವ ಪುಸ್ತಕದ ದಿನಾಂಕದ ಪ್ರಕಾರ ನವೆಂಬರ್ 8ಕ್ಕೆ ಮತ್ತೆ ಹಡಗು ಸೇರಿ ಮಾರ್ಚ್ ಮುಗಿಯುವವರೆಗೆ ಅಲ್ಲೇ ಇದ್ದರೆ ಭಾರತದಲ್ಲಿ ಇದ್ದದ್ದು 181 ದಿನ. ನವೆಂಬರ್ 9ಕ್ಕೆ ಸೇರಿದರೆ 182. ಒಂದೇ ದಿನದ ವ್ಯತ್ಯಾಸ, ತೆರಿಗೆ ಲಕ್ಷದ ಮಾತಾಗಬಹುದು. ಹೊರದೇಶದ ಬಂದರಿನಲ್ಲಿ ಹಡಗು ಹತ್ತುವವರಿಗೆ ಪಾಸ್‌ಪೋರ್ಟಿನ ಮುದ್ರೆಯೂ ಮುಖ್ಯವಾಗುತ್ತದೆ. ಹಾಗಾಗಿ ಕ್ಲಾಸಿನ ಬ್ಯಾಚ್ ಆರಿಸುವ ದಿನವೇ ಸಿಡಿಸಿ, ಪಾಸ್‌ಪೋರ್ಟ್ ಎರಡನ್ನೂ ಎದುರಿಗಿಟ್ಟುಕೊಂಡು ಏಪ್ರಿಲ್ 1ರಿಂದ ದಿನ ಎಣಿಸಿ, ಕಂಪನಿಗೆ ಸೇರುವ ದಿನವನ್ನು ಅದಕ್ಕೆ ತಕ್ಕಂತೆ ಕೇಳಿ. ನಮಸ್ಕಾರ.