ಬಸಳೆ ಚಪ್ಪರ ಹತ್ತಿದ ಹೆಸರಿಲ್ಲದ ಬಳ್ಳಿ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಒಂದು ಬಳ್ಳಿಯ ಕಥೆ ಹೇಳ್ಲಿಕ್ಕೆ ಬಂದದ್ದು. ದೊಡ್ಡ ವಿಷಯ ಎಂತ ಅಲ್ಲ. ಹೋದ ಮಳೆಗಾಲದಲ್ಲಿ ನಮ್ಮ ಹಿತ್ತಿಲಿಗೆ ಯಾರೂ ನೆಡದೆ ಯಾರೂ ಕರೆಯದೆ ಬಂದು ಕೂತ ಬಳ್ಳಿ ಅದು, ಅದರ ಹೆಸರು ಎಂತ ಅಂತ ಗೊತ್ತಾಗ್ಲಿಕ್ಕೆ ನನಗೆ ಸರಿಯಾಗಿ ಐದು ತಿಂಗಳು ಹಿಡಿಯಿತು, ಅಷ್ಟರೊಳಗೆ ಮಾಡಬಾರದ ಒಂದು ಕೆಲಸವನ್ನೂ ಮಾಡಿ ಆಗಿತ್ತು. ಅದನ್ನು ಕಡೆಗೆ ಹೇಳ್ತೇನೆ, ಈಗಲೇ ಹೇಳಿದ್ರೆ ನೀವು ಮುಂದಿನದ್ದು ಕೇಳ್ಲಿಕ್ಕಿಲ್ಲ.

ನಮ್ಮ ಮನೆ ಕೇರಳದ ಗಡಿಯ ಕಾಸರಗೋಡು ಜಿಲ್ಲೆಯಲ್ಲಿ, ಮುಳ್ಳೇರಿಯದಿಂದ ಸ್ವಲ್ಪ ಒಳಗೆ. ಮನೆ ಹಿಂದೆ ಬಚ್ಚಲು ನೀರು ಹೋಗುವಲ್ಲಿ ಅಮ್ಮನ ಬಸಳೆ ಚಪ್ಪರ, ಅದರ ಕೆಳಗೆ ತೋಡು, ತೋಡಿನ ಆಚೆ ಅಡಿಕೆ ತೋಟ. ಮೇ ತಿಂಗಳಲ್ಲಿ ಪಿಕಪ್‌ನಲ್ಲಿ ಒಂದು ಲೋಡ್ ಹಟ್ಟಿಗೊಬ್ಬರ ಹೊರಗಿಂದ ತರಿಸಿದ್ದೆ, ಅದರೊಟ್ಟಿಗೆ ಬಂದದ್ದಿರಬೇಕು. ಮಳೆ ಹಿಡಿದು ಹದಿನೈದು ದಿನ ಆಗ್ಲಿಕ್ಕಿಲ್ಲ, ಬಸಳೆ ಬುಡದಲ್ಲಿ ನೂಲಿನಷ್ಟು ಸಪೂರದ ಒಂದು ಕುಡಿ, ವೀಳ್ಯದೆಲೆಯನ್ನು ಸಣ್ಣ ಮಾಡಿ ಅಂಟಿಸಿದ ಹಾಗೆ ಎಲೆ, ನೋಡ್ಲಿಕ್ಕೆ ಚಂದವೇ. ಕೀಳ್ಲಿಕ್ಕೆ ಕೈ ಹಾಕಿದೆ, ಅಮ್ಮ ಒಳಗಿಂದಲೇ ಕೂಗಿದ್ರು, "ಅದನ್ನು ಕೀಳ್ಬೇಡ, ಅಮೃತಬಳ್ಳಿ ಅದು." ಸರಿ ಅಂತ ಬಿಟ್ಟೆ. ಕೊರೋನಾ ಸಮಯದಲ್ಲಿ ಅಮೃತಬಳ್ಳಿ ಹುಡುಕಿಕೊಂಡು ಜನ ಗುಡ್ಡೆ ಗುಡ್ಡೆ ತಿರುಗಿದ್ದು ನೆನಪುಂಟಲ್ಲ, ನಮ್ಮ ಕಾಟು ಮಾವಿನ ಮರದಲ್ಲಿ ಇದ್ದದ್ದನ್ನು ಯಾರೋ ರಾತ್ರಿ ಬಂದು ಬುಡ ಸಮೇತ ಕೊಂಡುಹೋಗಿದ್ದರು, ಹಾಗಾಗಿ ತಾನಾಗಿ ಬಂದ ಅಮೃತಬಳ್ಳಿ ಅಂದ್ರೆ ಅಮ್ಮನಿಗೆ ಖುಷಿಯೇ.

ಆಮೇಲೆ ಮೇಲಿನ ಮನೆ ಚಿಕ್ಕಮ್ಮ ಬಂದ್ರು, ನೋಡಿ "ಇದು ಹಿಪ್ಪಲಿ ಅಲ್ವಾ" ಅಂದ್ರು. ತೋಟದ ಕೆಲಸಕ್ಕೆ ಬರುವ ಅಣ್ಣನ ಹತ್ತಿರ ಕೇಳಿದೆ, ಅವರು ತುಳುವಲ್ಲಿ "ಕಾಟ್ ಬೂರು" ಅಂತ ಹೇಳಿ ಮುಗಿಸಿದ್ರು. ಕಾಟ್ ಬೂರು ಅಂದ್ರೆ ಕಾಡು ಬಳ್ಳಿ, ಹೆಸರು ಗೊತ್ತಿಲ್ಲದ ಎಲ್ಲಾ ಬಳ್ಳಿಗೂ ನಮ್ಮಲ್ಲಿ ಅದೇ ಹೆಸರು. ಮಗಳು ಕಾಲೇಜಿಂದ ಬಂದವಳು ಮೊಬೈಲಲ್ಲಿ ಗಿಡ ಗುರುತು ಹಿಡಿಯುವ ಆ್ಯಪ್ ಉಂಟು ಅಪ್ಪ ಅಂತ ಫೋಟೋ ತೆಗೆದಳು, ಮೊದಲ ಫೋಟೋಕ್ಕೆ ಸಿಹಿಗೆಣಸು ಅಂತ ಬಂತು, ಇನ್ನೊಂದು ಕಡೆಯಿಂದ ತೆಗೆದದ್ದಕ್ಕೆ ವೀಳ್ಯದೆಲೆ, ಮೂರನೇದ್ದರಲ್ಲಿ ಹಿಂದೆ ಬಸಳೆಯೂ ಬಿದ್ದಿತ್ತು ಕಾಣ್ತದೆ, ಅದಕ್ಕೆ ಬಸಳೆ ಅಂತ ಹೇಳಿತು. ಆ್ಯಪ್‌ಗೆ ನಾನು ಬೈಯುವುದಿಲ್ಲ, ಹೂ ಇಲ್ಲ ಕಾಯಿ ಇಲ್ಲ ಬರೀ ಎಲೆ ತೋರಿಸಿ ಹೆಸರು ಹೇಳು ಅಂದ್ರೆ ಅದಾದರೂ ಎಂತ ಮಾಡ್ಲಿಕ್ಕೆ ಉಂಟು.

ಅಷ್ಟರಲ್ಲಿ ಬಳ್ಳಿ ಚಪ್ಪರ ಹತ್ತಿ ಆಗಿತ್ತು. ಒಂದು ದಿನ ಬೆಳಿಗ್ಗೆ ಅದರ ಕುಡಿಯ ಹತ್ತಿರ ಚಪ್ಪರದ ಕೋಲಿಗೆ ಒಂದು ಕೆಂಪು ನೂಲು ಕಟ್ಟಿದೆ, ನೋಡುವ ಎಷ್ಟು ಹೋಗ್ತದೆ ಅಂತ. ಮೂರನೇ ದಿನಕ್ಕೆ ನೂಲಿಂದ ಮುಂದೆ ಒಂದು ಗೇಣು! ಬಸಳೆ ಪಾಪ ಅದರ ಅಡಿಯಲ್ಲಿ ಹಳದಿ ಆಗ್ತಾ ಬಂತು. ಅಮ್ಮನಿಗೂ ಸ್ವಲ್ಪ ಡೌಟ್ ಶುರು ಆಯ್ತು, ಅಮೃತಬಳ್ಳಿ ಇಷ್ಟು ಅರ್ಜೆಂಟ್ ಮಾಡುದಿಲ್ಲ ಅಂತ.

ನನಗೆ ಬಿಸಿ ಹತ್ತಿದ್ದು ಚಿಕ್ಕಮ್ಮನಿಂದ. ಅವರಿಗೆ ಜ್ವರ ಬಂದಿತ್ತು. ಅಮ್ಮ ಮೊದಲು ಹೇಳಿದ ಮಾತು ನೆನಪಿಟ್ಟುಕೊಂಡು ಒಂದು ಮಾರು ಬಳ್ಳಿ ಕಡಿದು ಕೊಂಡುಹೋಗಿದ್ದಾರೆ, ಕಷಾಯಕ್ಕೆ. ನಾನು ಓಡಿದೆ. ಪಾತ್ರೆಗೆ ಹಾಕಿ ಆಗಿತ್ತು, ಗ್ಯಾಸ್ ಹಚ್ಚಿರಲಿಲ್ಲ. ಹೆಸರೇ ಗೊತ್ತಿಲ್ಲದ್ದನ್ನು ಕುದಿಸಿ ಕುಡಿಯುವುದು ಬೇಡ ಚಿಕ್ಕಮ್ಮ ಅಂತ ಕೈಮುಗಿದು ವಾಪಸ್ ತಂದೆ. ಅವತ್ತು ಜಗಲಿಯಲ್ಲಿ ಕೂತು ಆ ಬಳ್ಳಿಯನ್ನು ಸರಿಯಾಗಿ, ಅಂದ್ರೆ ನಿಜವಾಗಿ ಕಣ್ಣು ಹಾಕಿ, ಮೊದಲ ಸಲ ನೋಡಿದ್ದು ನಾನು.

ನೋಡಿದ್ರೆ ಎಂತ ಗೊತ್ತುಂಟಾ, ಎಲೆಗಳು ಜೋಡಿ ಜೋಡಿ. ಒಂದೇ ಗೆಣ್ಣಿನಲ್ಲಿ ಈಚೆಗೊಂದು ಆಚೆಗೊಂದು, ಎದುರುಬದುರು, ಕೈ ಚಾಚಿ ನಿಂತ ಹಾಗೆ. ಇನ್ನು ನಮ್ಮ ಲಿಸ್ಟಿನಲ್ಲಿ ಇದ್ದವರನ್ನು ನೋಡಿ. ಅಮೃತಬಳ್ಳಿಗೆ ಒಂದು ಗೆಣ್ಣಿಗೆ ಒಂದೇ ಎಲೆ. ವೀಳ್ಯದೆಲೆಗೂ ಒಂದೇ, ಹಿಪ್ಪಲಿಗೂ ಒಂದೇ, ಗೆಣಸಿಗೂ, ಬಸಳೆಗೂ ಒಂದೇ. ಐದೂ ಜನ ಒಂದೇ ಏಟಿಗೆ ಔಟ್! ಒಂದೂವರೆ ತಿಂಗಳು ನಾವೆಲ್ಲ ಎಲೆಯ ಆಕಾರ ನೋಡಿ ಹೆಸರು ಹೇಳಿದ್ದು, ಎಲೆ ಎಲ್ಲಿಂದ ಹುಟ್ಟಿದೆ ಅಂತ ಒಬ್ಬರೂ ನೋಡಲಿಲ್ಲ. ಮತ್ತೆ ಅಮೃತಬಳ್ಳಿ ಸ್ವಲ್ಪ ಬಲಿತದ್ದಾದ್ರೆ ಕಾಂಡದ ಮೇಲೆ ಕಾಗದದ ಹಾಗೆ ಸಿಪ್ಪೆ ಏಳ್ತದೆ, ಗುಳ್ಳೆ ಗುಳ್ಳೆ ಇರ್ತದೆ, ಮೇಲಿಂದ ದಾರದ ಹಾಗೆ ಬೇರು ಇಳಿಬಿಡ್ತದೆ, ಅಡ್ಡ ಕತ್ತರಿಸಿದ್ರೆ ಚಕ್ರದ ಹಾಗೆ ಗೆರೆ ಕಾಣ್ತದೆ. ಇದರಲ್ಲಿ ಅದು ಯಾವುದೂ ಇಲ್ಲ. ಮುರಿದ್ರೆ ಗೆಣಸಿನ ಹಾಗೆ ಹಾಲು ಬರುವುದಿಲ್ಲ, ತಿಕ್ಕಿ ಮೂಸಿದ್ರೆ ವೀಳ್ಯದೆಲೆಯ ಖಾರ ವಾಸನೆ ಇಲ್ಲ, ಬರೀ ಹಸಿ ಹಸಿ ಸೊಪ್ಪಿನ ವಾಸನೆ. ಎಲೆಯ ಅಂಚು ನೋಡಿದ್ರೆ ಅಲ್ಲಲ್ಲಿ ಕಚ್ಚಿದ ಹಾಗೆ ಹಲ್ಲು.

ಹಾಗೆ ಅದು ಎಂತ ಅಲ್ಲ ಅಂತ ಗೊತ್ತಾಯ್ತು, ಎಂತ ಅಂತ ಮಾತ್ರ ಗೊತ್ತಾಗಲಿಲ್ಲ. ಹೂ ಬರುವವರೆಗೆ ಕಾಯುವ ಅಂತ ಚಪ್ಪರದ್ದನ್ನು ತೆಗೆದು, ಹಟ್ಟಿಯ ಹಿಂದೆ ಬೇಲಿಗೆ ಹತ್ತಿದ ಒಂದು ಎಳೆಯನ್ನು ಮಾತ್ರ ಬಿಟ್ಟೆ.

ದೀಪಾವಳಿ ಕಳೆದು ಹೂ ಬಂತು. ಅಕ್ಕಿಕಾಳಿನಷ್ಟು ಸಪೂರ, ಬಿಳಿ, ಗೊಂಚಲು ಗೊಂಚಲು, ಹತ್ತಿರ ಹೋದ್ರೆ ಸಣ್ಣಕ್ಕೆ ಒಂದು ಸಿಹಿ ಪರಿಮಳ. ಅಪ್ಪ ಪೇಪರ್ ಓದ್ಲಿಕ್ಕೆ ಇಟ್ಟುಕೊಳ್ಳುವ ಭೂತಗನ್ನಡಿ ತಂದು ನೋಡಿದೆ, ನಾವು ಒಂದು ಹೂ ಅಂತ ಕಾಣುವುದು ನಾಲ್ಕು ಹೂವಿನ ಕಟ್ಟು, ಒಂದರಲ್ಲಿ ನಾಲ್ಕು, ಪಕ್ಕದ್ದರಲ್ಲೂ ನಾಲ್ಕೇ, ಹತ್ತಿಪ್ಪತ್ತು ಬಿಡಿಸಿದೆ, ಎಲ್ಲದರಲ್ಲೂ ನಾಲ್ಕೇ. ಈ ರೀತಿ ಹೂಗಳನ್ನು ಕಟ್ಟು ಕಟ್ಟಿ ಒಂದೇ ಹೂವಿನ ಹಾಗೆ ತೋರಿಸುವುದು ಸೂರ್ಯಕಾಂತಿ, ಸೇವಂತಿಗೆಯ ಮನೆತನದವರ ಅಭ್ಯಾಸ. ಗುಡ್ಡೆಯಲ್ಲಿ ಕಮ್ಯುನಿಸ್ಟ್ ಪಚ್ಚ ಉಂಟಲ್ಲ, ಅದರ ಹೂವೂ ಹೀಗೇ, ಎಲೆಯೂ ಜೋಡಿಯೇ. ಅದರ ಸಂಬಂಧಿಕ ಯಾರೋ ಇರಬೇಕು ಅಂತ ಅಷ್ಟು ಅಂದಾಜಾಯ್ತು.

ಮರುದಿನ ಕೃಷಿಭವನಕ್ಕೆ ತೋರಿಸುವ ಅಂತ ಹೊರಟೆ. ಗೆಣ್ಣು ಸಮೇತ ಒಂದು ಮೊಳ ಬಳ್ಳಿ, ಹೂ ಇದ್ದದ್ದು, ಪೇಪರಿನ ಮಡಿಕೆಯಲ್ಲಿ ಎಲೆ ಬಿಡಿಸಿ ಇಟ್ಟು, ಒಂದು ಎಲೆ ಮಗುಚಿ ಇಟ್ಟು, ಯಾಕೆ ಅಂದ್ರೆ ಎಲೆಯ ಅಡಿಭಾಗವೂ ಕಾಣಬೇಕು. ಬರೀ ಒಂದು ಎಲೆ ಕಿಸೆಗೆ ಹಾಕಿಕೊಂಡು ಹೋದ್ರೆ ಅದು ಬಾಡಿ ಯಾವ ಎಲೆಯೂ ಆಗಬಹುದು. ಪೇಟೆಯಲ್ಲಿ ಚಾ ಕುಡಿಯುವ ಅಂತ ಹೋಟೆಲಿಗೆ ಹೊಕ್ಕೆ, ಎದುರಿನ ಬೆಂಚಿನಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ ಒಬ್ಬರು ಚೇಟ, ತೆಂಕಲಾಗಿ ಕೋಟ್ಟಯಂ ಕಡೆಯವರು, ಪೇಪರಿಂದ ಹೊರಗೆ ಬಂದ ಕುಡಿ ನೋಡಿದವರೇ ಗ್ಲಾಸು ಕೆಳಗಿಟ್ಟು "ಅಯ್ಯೋ, ಇದು ಧೃತರಾಷ್ಟ್ರ ಪಚ್ಚ ಆಣಲ್ಲೋ!" ಅಂದ್ರು.

ಧೃತರಾಷ್ಟ್ರ!

ನಿಮಗೆ ಬಿಡಿಸಿ ಹೇಳಬೇಕಾ? ಯಕ್ಷಗಾನದ ಊರಿನವರು ನಾವು. ಯುದ್ಧ ಎಲ್ಲಾ ಮುಗಿದ ಮೇಲೆ ಮುದುಕ ಬಾ ಭೀಮಾ ಅಂತ ಕೈ ಚಾಚ್ತಾನೆ, ಕೃಷ್ಣ ಭೀಮನನ್ನು ಹಿಂದೆ ಎಳೆದು ಉಕ್ಕಿನ ಬೊಂಬೆ ದೂಡ್ತಾನೆ, ಬೊಂಬೆ ಪುಡಿ ಪುಡಿ. ಧೃತರಾಷ್ಟ್ರ ಆಲಿಂಗನ ಅಂತ ನಾವು ಕನ್ನಡದಲ್ಲಿ ದಿನಾ ಹೇಳುವ ಮಾತು, ಅದನ್ನು ಮಲಯಾಳದವರು ತೆಗೆದು ಒಂದು ಬಳ್ಳಿಗೆ ಇಟ್ಟುಬಿಟ್ಟಿದ್ದಾರೆ. ನಾನು ಬಸಳೆ ಚಪ್ಪರದಲ್ಲಿ ನೋಡಿದ್ದೂ ಅದನ್ನೇ ಅಲ್ವಾ, ಅಪ್ಪಿಕೊಂಡೇ ಕೊಲ್ಲುವುದು. ಚೇಟ ಹೇಳಿದ್ರು, ಅವರ ಊರಲ್ಲಿ ರಬ್ಬರ್ ಸಸಿ, ಬಾಳೆ, ಅನಾನಸು ಎಲ್ಲದರ ಮೇಲೂ ಹೊದಿಕೆ ಹೊದೆಸಿದ ಹಾಗೆ ಬೀಳ್ತದೆ, ಅಡಿಯಲ್ಲಿ ಇದ್ದದ್ದಕ್ಕೆ ಬಿಸಿಲಿಲ್ಲ. ಅವರಿಗೆ ಅದು ದಿನದ ವೈರಿ, ಎರಡು ಸೆಕೆಂಡಲ್ಲಿ ಗುರುತು ಸಿಕ್ಕಿತು.

ಕೃಷಿಭವನದಲ್ಲಿಯೂ ಅದೇ ಅಂತ ಆಯ್ತು, ಶಾಸ್ತ್ರದ ಹೆಸರು ಮಿಕಾನಿಯ ಮೈಕ್ರಾಂತ. ಮೈಕ್ರಾಂತ ಅಂದ್ರೆ ಸಣ್ಣ ಹೂವಿನದ್ದು ಅಂತ ಅಷ್ಟೇ ಅರ್ಥ, ಧೃತರಾಷ್ಟ್ರನ ಮುಂದೆ ಅದು ಸಪ್ಪೆ. ಮೂಲ ಊರು ಮಧ್ಯ ಅಮೇರಿಕ, ದಕ್ಷಿಣ ಅಮೇರಿಕ. ಎರಡನೇ ಮಹಾಯುದ್ಧದ ಸಮಯ ಈಶಾನ್ಯ ಭಾರತದ ಕಡೆ ವಿಮಾನ ಇಳಿಯುವ ಜಾಗಗಳನ್ನು ಶತ್ರುವಿನ ಕಣ್ಣಿಗೆ ಬೀಳದ ಹಾಗೆ ಮುಚ್ಚಲಿಕ್ಕೆ ತಂದದ್ದು ಅಂತ ಹೇಳ್ತಾರೆ. ಮುಚ್ಚುವ ಕೆಲಸ ಅದು ಇನ್ನೂ ನಿಲ್ಲಿಸಲಿಲ್ಲ ನೋಡಿ. ಇದನ್ನು ಹತೋಟಿಗೆ ತರ್ಲಿಕ್ಕೆ ಅದರ ಊರಿನಿಂದಲೇ ಒಂದು ತುಕ್ಕುರೋಗದ ಶಿಲೀಂಧ್ರ ತಂದು 2005-06ರಲ್ಲಿ ಅಸ್ಸಾಮಲ್ಲಿ, ಕೇರಳದಲ್ಲಿ ಬಿಟ್ಟು ನೋಡಿದ್ದಾರೆ, ಇಲ್ಲಿ ಹಿಡಿಯಲಿಲ್ಲ, ಪಪುವಾ ನ್ಯೂಗಿನಿಯಲ್ಲಿ ಹಿಡಿಯಿತಂತೆ.

ಗಡಿಯಲ್ಲಿ ಇರುವವರಿಗೆ ಗಿಡದ ಹೆಸರಲ್ಲಿ ಒಂದು ಮಜಾ ಉಂಟು. ಈಗ ಹೇಳಿದೆನಲ್ಲ, ಗುಡ್ಡೆ ತುಂಬಾ ಹಬ್ಬಿದ ಗಿಡಕ್ಕೆ ಕೇರಳದಲ್ಲಿ ಕಮ್ಯುನಿಸ್ಟ್ ಪಚ್ಚ. ಘಟ್ಟ ಹತ್ತಿ ಕರ್ನಾಟಕಕ್ಕೆ ಹೋಗಿ, ಅಲ್ಲಿ ಬಯಲು ತುಂಬಾ ಹಬ್ಬಿದ ಪಾರ್ಥೇನಿಯಂಗೆ ಕಾಂಗ್ರೆಸ್ ಗಿಡ ಅಂತಾರೆ. ಎರಡೂ ಅಮೇರಿಕದಿಂದ ಬಂದದ್ದೇ, ಎರಡೂ ಸೇವಂತಿಗೆಯ ಮನೆತನವೇ, ನಮ್ಮ ಧೃತರಾಷ್ಟ್ರನೂ ಸೇರಿ ಮೂವರೂ ದಾಯಾದಿಗಳು. ಇಲೆಕ್ಷನ್ ಟೈಮಲ್ಲಿ ಇದನ್ನು ಹೇಳ್ಬಾರದು, ಈಗ ಪರ್ವಾಗಿಲ್ಲ.

ಇನ್ನೊಂದು ನನಗೆ ಆಮೇಲೆ ಹೊಳೆದದ್ದು. ಅಮ್ಮನಿಗೆ ಹೆಸರು ಗೊತ್ತಿರಲಿಲ್ಲ, ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ, ತುಳುವಲ್ಲಿ ಬರೀ ಕಾಟ್ ಬೂರು. ನಮ್ಮ ಹಿರಿಯರು ಹೆಸರು ಇಡದ ಸೊಪ್ಪು ಉಂಟಾ ಮಾರಾಯ್ರೆ, ಕಾಲಡಿಯ ನೆಲನೆಲ್ಲಿ, ಒಂದೆಲಗ, ಗರಿಕೆ ಯಾವುದನ್ನೂ ಬಿಡಲಿಲ್ಲ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿ ವಾನ್ ರೀಡ್ ಈ ಕರಾವಳಿಯ ಗಿಡಗಳ ಬಗ್ಗೆ ಹೋರ್ತುಸ್ ಮಲಬಾರಿಕುಸ್ ಅಂತ ಪುಸ್ತಕ ಮಾಡಿಸಿದ, 1678ರಿಂದ 1693ರವರೆಗೆ ಹನ್ನೆರಡು ಸಂಪುಟ, ಅದರಲ್ಲಿ ಹೆಸರು ಹೇಳಿಕೊಟ್ಟದ್ದು ಇಟ್ಟಿ ಅಚ್ಯುತನ್ ಅಂತ ವೈದ್ಯರು, ಮತ್ತೆ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಅಂತ ಮೂವರು ಕೊಂಕಣಿ ಪಂಡಿತರು. ಅಂಥವರ ಹತ್ತಿರ ಈ ಬಳ್ಳಿ ತೋರಿಸಿದ್ರೂ ಅವರೂ ತಲೆ ತುರಿಸಿಕೊಳ್ತಿದ್ರು, ಯಾಕೆ ಅಂದ್ರೆ ಇದು ಬಂದದ್ದೇ ಅವರು ಹೋಗಿ ಕಾಲವಾದ ಮೇಲೆ. ಅಜ್ಜಿಗೆ ಹೆಸರು ಗೊತ್ತಿಲ್ಲದ ಗಿಡ ಹಿತ್ತಿಲಲ್ಲಿ ಕಂಡ್ರೆ ಈಗ ನನಗೆ ಮೊದಲು ಬರುವ ಡೌಟ್ ಅದೇ, ಇದು ಎಲ್ಲಿಂದಲೋ ಬಂದದ್ದು ಅಂತ.

ಇನ್ನು ಆ ಮಾಡಬಾರದ ಕೆಲಸ. ಚಪ್ಪರದ್ದನ್ನು ತೆಗೆದೆ ಅಂತ ಹೇಳಿದೆ ಅಲ್ವಾ, ಹೇಗೆ ತೆಗೆದೆ ಅಂತ ಹೇಳಲಿಲ್ಲ. ಆಟಿ ತಿಂಗಳ ಜೋರು ಮಳೆ, ಕತ್ತಿ ತಕೊಂಡು ಕೊಚ್ಚಿದೆ, ತುಂಡು ತುಂಡು ಮಾಡಿ ಬುಟ್ಟಿಯಲ್ಲಿ ತುಂಬಿಸಿ ತೋಡಿಗೆ ಹಾಕಿದೆ. ನೀರು ಕೊಂಡುಹೋಗ್ತದೆ, ನಮ್ಮ ಕೆಲಸ ಮುಗೀತು ಅಂತ. ಕೃಷಿಭವನದವರು ಹೇಳಿದ್ದು ಕೇಳಿ ನಾನು ಬೆವರಿದೆ, ಇದರ ಒಂದೊಂದು ಗೆಣ್ಣೂ ಒದ್ದೆ ಮಣ್ಣು ಸಿಕ್ಕಿದಲ್ಲಿ ಬೇರು ಬಿಡ್ತದೆ, ಒಂದು ಬಳ್ಳಿ ಕೊಚ್ಚಿದ್ರೆ ನೂರು ಬಳ್ಳಿ. ಹೂ ಬರುವ ಮೊದಲೇ ಬುಡ ಹಿಡಿದು ಬೇರು ಸಮೇತ ಕೀಳಬೇಕು, ಕಿತ್ತದ್ದನ್ನು ಗೊಬ್ಬರ ಗುಂಡಿಗೆ ಹಾಕದೆ ಬಂಡೆ ಮೇಲೆ ಹರಡಿ ಬಿಸಿಲಿಗೆ ಚೆನ್ನಾಗಿ ಒಣಗಿಸಬೇಕು, ಬೀಜ ಆಗ್ಲಿಕ್ಕೆ ಬಿಟ್ರೆ ಅದಕ್ಕೆ ಬಿಳಿ ಕೂದಲಿನ ರೆಕ್ಕೆ ಇರ್ತದೆ, ಗಾಳಿಗೆ ಹಾರಿ ಎಲ್ಲಿಗೂ ಹೋಗ್ತದೆ. ಅವತ್ತೇ ಮನೆಗೆ ಬಂದು ಹಟ್ಟಿ ಹಿಂದಿನದ್ದನ್ನು ಕಿತ್ತೆ. ತೋಡಿಗೆ ಹೋದದ್ದು ಹೋಗಿ ಆಗಿತ್ತು.

ತೋಡಿನ ಕೆಳಗೆ ನಮ್ಮ ಬಾವನ ತೋಟ ಉಂಟು. ಡಿಸೆಂಬರಲ್ಲಿ ಬಾವ ಫೋನ್ ಮಾಡಿದ್ರು, "ಎಂತ ಬಾವ, ನೀವು ಈಗ ಗಿಡ ಗುರ್ತು ಹಿಡಿಯುವುದರಲ್ಲಿ ಎಕ್ಸ್‌ಪರ್ಟ್ ಅಂತೆ, ನಮ್ಮ ತೋಟದ ಕರೆಯಲ್ಲಿ ಎಂತದೋ ಬಳ್ಳಿ, ವೀಳ್ಯದೆಲೆ ಹಾಗೆ ಉಂಟು, ಹೆಸರು ಎಂತ?" ನಾನು ಹೆಸರು ಹೇಳಿದೆ, ಲ್ಯಾಟಿನ್ ಹೆಸರೂ ಹೇಳಿದೆ, ಮಹಾಭಾರತದ ಕಥೆಯೂ ಹೇಳಿದೆ. ಅದು ಅವರ ತೋಟಕ್ಕೆ ಹೇಗೆ ಬಂತು ಅನ್ನುವ ವಿಷಯ ಬರುವಷ್ಟರಲ್ಲಿ ರೇಂಜ್ ಹೋದ ಹಾಗೆ ಮಾಡಿ ಫೋನ್ ಕಟ್ ಮಾಡಿದೆ.

ಬಾವ ಹಾಲು ಕರೆಯುವಾಗ ರೇಡಿಯೋ ಹಾಕುವ ಕ್ರಮ ಉಂಟು, ಈಗ ಕೇಳ್ತಾ ಇರಬಹುದು. ಬಾವ, ಅದು ನಮ್ಮಲ್ಲಿಂದಲೇ ಬಂದದ್ದು. ಆದಿತ್ಯವಾರ ಬೆಳಿಗ್ಗೆ ನಾನೇ ಬರ್ತೇನೆ, ಕತ್ತಿ ತರುವುದಿಲ್ಲ, ಇಬ್ಬರೂ ಸೇರಿ ಕೈಯಲ್ಲೇ ಕೀಳುವ. ಚಾ ಮಾತ್ರ ನಿಮ್ಮಲ್ಲಿಯೇ.

ನಮಸ್ಕಾರ.